ನಿಮ್ಮ ತೂಕ ಹಿಗ್ಸ್ ಕೊಟ್ಟದ್ದಲ್ಲ

ಹಿಗ್ಸ್ ಬೋಸಾನ್ ಸಿಕ್ಕಿತೆಂದು ಸರ್ನ್ ಪ್ರಯೋಗಾಲಯ ಪ್ರಕಟಿಸಿದ್ದು 2012ರ ಜುಲೈ 4ರಂದು. ಅಲ್ಲಿಂದೀಚೆಗೆ ಒಂದು ವಾಕ್ಯ ನಮ್ಮ ಪತ್ರಿಕೆ, ಟಿವಿ, ಕ್ವಿಜ್ ಪುಸ್ತಕ, ಶಾಲೆಯ ಭಾಷಣಗಳಲ್ಲೆಲ್ಲ ಬೇರುಬಿಟ್ಟು ಕೂತಿದೆ: ಜಗತ್ತಿನ ಎಲ್ಲ ವಸ್ತುಗಳಿಗೂ ದ್ರವ್ಯರಾಶಿ ಕೊಡುವುದು ಈ ದೇವಕಣ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಉರುಹೊಡೆಯುತ್ತಾರೆ. ಪ್ರವಚನಕಾರರು ಇದರ ಮೇಲೆ ಗಂಟೆಗಟ್ಟಲೆ ಮಾತಾಡುತ್ತಾರೆ. ವಿಜ್ಞಾನ ಕಲಿಸುವವರೂ ಇದನ್ನೇ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಆದರೆ ಈ ವಾಕ್ಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸುಳ್ಳು. ಅದನ್ನು ಪತ್ತೆಹಚ್ಚಲು ಕೂಡುವ ಲೆಕ್ಕ ಬಂದರೆ ಸಾಕು. ಆ ಲೆಕ್ಕವನ್ನು ಯಾರೂ ಮಾಡಿ ನೋಡುವುದಿಲ್ಲವಲ್ಲ, ನನಗೆ ಸಹಿಸಲಾಗದ್ದು ಅದೇ.

ಪ್ರೋಟಾನಿನಲ್ಲಿ ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್ ಇವೆ. ಅಪ್‌ನ ದ್ರವ್ಯರಾಶಿ ಸುಮಾರು 2.2 ಎಂಇವಿ, ಡೌನ್‌ನದು ಸುಮಾರು 4.7. (ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಕಣಗಳ ದ್ರವ್ಯರಾಶಿಯನ್ನು ಶಕ್ತಿಯ ಮಾನದಲ್ಲೇ ಹೇಳುವುದು ರೂಢಿ.) ಮೂರನ್ನೂ ಕೂಡಿದರೆ 9ರ ಆಸುಪಾಸು ಬರುತ್ತದೆ. ಪ್ರೋಟಾನಿನ ದ್ರವ್ಯರಾಶಿಯೋ 938.27 ಎಂಇವಿ! ಹಿಗ್ಸ್ ಕಣದ ಹಿಂದಿರುವ ಹಿಗ್ಸ್ ಕ್ಷೇತ್ರ ಕ್ವಾರ್ಕ್‌ಗಳಿಗೆ ಕೊಟ್ಟದ್ದು ಆ ಒಂಬತ್ತನ್ನು. ಮಿಕ್ಕ 929 ಎಲ್ಲಿಂದ ಬಂತು?

ಇದನ್ನೇ ನಮ್ಮ ಮೈಗೆ ಅನ್ವಯಿಸಿ ನೋಡೋಣ. 60 ಕಿಲೋ ತೂಗುವ ಒಬ್ಬ ಮನುಷ್ಯನ ದೇಹದಲ್ಲಿರುವ ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗಿನ ಕ್ವಾರ್ಕ್‌ಗಳ ಸ್ವಂತ ದ್ರವ್ಯರಾಶಿಯನ್ನೆಲ್ಲ ಕೂಡಿದರೆ ಸುಮಾರು 650 ಗ್ರಾಂ. ಎಲೆಕ್ಟ್ರಾನ್‌ಗಳದ್ದೆಲ್ಲ ಸೇರಿಸಿದರೆ ಇನ್ನೊಂದು ಇಪ್ಪತ್ತು ಗ್ರಾಂ ಕೂಡ ಆಗುವುದಿಲ್ಲ. ಇನ್ನೂ ಬಿಗಿಯಾಗಿ ಲೆಕ್ಕ ಹಾಕುವವರಿದ್ದಾರೆ. ಪ್ರೋಟಾನಿನೊಳಗೆ ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುವ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಜೋಡಿಗಳ ಪಾಲನ್ನೂ ಅವರು ಹಿಗ್ಸ್ ಖಾತೆಗೇ ಬರೆಯುತ್ತಾರೆ. ಅದು ನ್ಯಾಯವೂ ಹೌದು. 2018ರಲ್ಲಿ ಪ್ರಕಟವಾದ ಅಂಥ ಒಂದು ಲೆಕ್ಕದಲ್ಲಿ ಕ್ವಾರ್ಕ್ ದ್ರವ್ಯರಾಶಿಯ ಪಾಲು ಶೇ 9ರಷ್ಟು ಬಂತು. ಕ್ವಾರ್ಕ್‌ಗಳ ಓಡಾಟದ ಶಕ್ತಿ ಶೇ 32, ಅವುಗಳನ್ನು ಹಿಡಿದಿಡುವ ಗ್ಲುಆನ್ ಕ್ಷೇತ್ರದ ಶಕ್ತಿ ಶೇ 36. ಉಳಿದ ಶೇ 23 ಭೌತವಿಜ್ಞಾನಿಗಳು ಟ್ರೇಸ್ ಅನಾಮಲಿ ಎಂದು ಕರೆಯುವ ಕ್ವಾಂಟಂ ಪರಿಣಾಮದ್ದು. ಹೀಗೆ ಉದಾರವಾಗಿ ಎಣಿಸಿದರೂ 60 ಕಿಲೋದಲ್ಲಿ ಹಿಗ್ಸ್‌ಗೆ ಸೇರುವುದು ಆರು ಕಿಲೋ ಒಳಗೆ.

ಮಿಕ್ಕದ್ದು ಬರುವ ಬಗೆ ನಿಜಕ್ಕೂ ಬೆರಗಿನದು. ಅದನ್ನು ಮರೆಮಾಡಿ ಕೂತಿದೆ ಎಂಬುದಕ್ಕೇ ಆ ಬಾಯಿಪಾಠದ ವಾಕ್ಯದ ಮೇಲೆ ನನಗೆ ಅಷ್ಟು ಸಿಟ್ಟು.

ಪ್ರೋಟಾನಿನ ತ್ರಿಜ್ಯ ಸುಮಾರು 0.84 ಫೆಮ್ಟೋಮೀಟರ್. ಒಂದು ಫೆಮ್ಟೋಮೀಟರ್ ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಕ್ವಾಂಟಂ ನಿಯಮದ ಪ್ರಕಾರ ಯಾವ ಕಣವನ್ನೂ ಇಷ್ಟು ಕಿರಿದಾದ ಜಾಗದಲ್ಲಿ ಸುಮ್ಮನೆ ಕೂರಿಸಲಾಗದು. ಜಾಗ ಕಿರಿದಾದಷ್ಟೂ ಚಲನೆ ಜೋರಾಗುತ್ತದೆ. ಹೈಸನ್‌ಬರ್ಗನ ಅನಿಶ್ಚಿತತೆಯ ಸೂತ್ರಕ್ಕೆ ಈ ತ್ರಿಜ್ಯವನ್ನು ಹಾಕಿದರೆ ಒಂದೊಂದು ಕ್ವಾರ್ಕ್‌ಗೂ 230 ಎಂಇವಿಯಷ್ಟು ಶಕ್ತಿ ಬರುತ್ತದೆ, ಮೂರಕ್ಕೆ ಸುಮಾರು 700. ಇದು ಒರಟು ಅಂದಾಜೇ ಇರಬಹುದು, ಆದರೆ ಪ್ರೋಟಾನಿನ ತೂಕ ಯಾವ ಕಡೆಯಿಂದ ಬರುತ್ತಿದೆ ಎಂಬುದು ಇಷ್ಟರಲ್ಲೇ ಕಾಣುತ್ತದೆ. ಅದರ ಮೇಲೆ ಕ್ವಾರ್ಕ್‌ಗಳನ್ನು ಹಿಡಿದಿಟ್ಟಿರುವ ಗ್ಲುಆನ್ ಕ್ಷೇತ್ರ. ಗ್ಲುಆನ್‌ಗೆ ದ್ರವ್ಯರಾಶಿ ಇಲ್ಲ. ಆದರೆ ಬೆಳಕಿನ ಕಣಗಳಂತಲ್ಲದೆ ಗ್ಲುಆನ್‌ಗಳು ಒಂದನ್ನೊಂದು ಎಳೆಯುತ್ತವೆ, ಹಾಗಾಗಿ ಅವುಗಳ ಕ್ಷೇತ್ರ ಪ್ರೋಟಾನಿನೊಳಗೇ ಸುತ್ತಿಕೊಂಡು ಅಪಾರ ಶಕ್ತಿ ಹೊತ್ತು ನಿಲ್ಲುತ್ತದೆ. ಸೆರೆಯಾದ ಶಕ್ತಿಗೆ ಜಡತ್ವ ಇದೆ ಎಂದು 1905ರಲ್ಲೇ ಐನ್‌ಸ್ಟೈನ್ ತೋರಿಸಿದ್ದ. ಒಳಗೆಲ್ಲ ಕನ್ನಡಿ ಹೊದಿಸಿದ ಪೆಟ್ಟಿಗೆಯಲ್ಲಿ ಬೆಳಕನ್ನು ಕೂಡಿಹಾಕಿದರೆ ಪೆಟ್ಟಿಗೆ ಅಷ್ಟರಮಟ್ಟಿಗೆ ಭಾರವಾಗುತ್ತದೆ, ಬೆಳಕಿಗೆ ಸ್ವಂತ ದ್ರವ್ಯರಾಶಿ ಇಲ್ಲದಿದ್ದರೂ. ಪ್ರೋಟಾನ್ ಅಂಥದೊಂದು ಪೆಟ್ಟಿಗೆ, ಅದಕ್ಕೆ ಗೋಡೆಯೂ ಒಳಗಿನ ಕ್ಷೇತ್ರವೇ. ನಾವು ತಕ್ಕಡಿಯಲ್ಲಿ ನಿಂತಾಗ ಮುಳ್ಳನ್ನು ತಿರುಗಿಸುವುದು ಬಹುಪಾಲು ಈ ಶಕ್ತಿ.

ಇದು ಬರೀ ಊಹೆಯೂ ಅಲ್ಲ. 1974ರಲ್ಲಿ ಕೆನೆತ್ ವಿಲ್ಸನ್, ದೇಶಕಾಲವನ್ನು ಚೌಕಳಿಯಾಗಿ ಹೆಣೆದು ಕ್ವಾರ್ಕ್ ಮತ್ತು ಗ್ಲುಆನ್‌ಗಳ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ದಾರಿ ಹಾಕಿಕೊಟ್ಟ. 2008ರ ನವೆಂಬರಿನಲ್ಲಿ ಯುರೋಪಿನ ಒಂದು ತಂಡ ಆ ದಾರಿಯಲ್ಲೇ ಪ್ರೋಟಾನ್ ಮತ್ತು ನ್ಯೂಟ್ರಾನಿನ ದ್ರವ್ಯರಾಶಿಯನ್ನು ಲೆಕ್ಕ ಹಾಕಿ ತೆಗೆಯಿತು. ಬಂದ ಉತ್ತರ 936 ಎಂಇವಿ, 33 ಎಂಇವಿಯಷ್ಟು ಆಚೀಚೆ. ಅಳತೆಯ ಬೆಲೆ 939. ಹಿಗ್ಸ್ ಬೋಸಾನ್ ಆಗ ಇನ್ನೂ ಸಿಕ್ಕಿರಲೇ ಇಲ್ಲ!

ಇತಿಹಾಸ ಬಲ್ಲವರಿಗೆ ಇನ್ನೂ ಸಂಕಟವಾಗುವ ವಿಷಯ ಒಂದಿದೆ. ಪ್ರೋಟಾನಿಗೆ ತೂಕ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು 1961ರಲ್ಲಿ ಯೋಯ್ಚಿರೋ ನಾಂಬು ಮತ್ತು ಜೋನಾ ಲಸೀನಿಯೊ ಲೇಖನ ಬರೆದರು. ಸೂಪರ್‌ಕಂಡಕ್ಟರ್ ಸಿದ್ಧಾಂತದಿಂದ ಎರವಲು ಪಡೆದ ವಿಚಾರ ಅದು: ತೂಕವಿಲ್ಲದ ಕಣಗಳ ಪರಸ್ಪರ ಸೆಳೆತದಿಂದಲೇ ತೂಕ ಹುಟ್ಟಬಹುದು. ಕ್ವಾರ್ಕ್ ಎಂಬ ಕಲ್ಪನೆ ಗೆಲ್‌ಮನ್ ಮತ್ತು ಝ್ವೈಗ್‌ರಿಂದ ಬಂದದ್ದು 1964ರಲ್ಲಿ, ಕಣಕ್ಕೆ ಹೆಸರಾದ ಭೌತವಿಜ್ಞಾನಿ ಹಿಗ್ಸ್‌ರ ಲೇಖನವೂ ಅದೇ ವರ್ಷದ್ದು. ತಮ್ಮ ವಿಚಾರದ ಮೂಲ ನಾಂಬು ಅವರಲ್ಲಿದೆ ಎಂದು ಹಿಗ್ಸ್ ಸ್ವತಃ ಒಪ್ಪಿಕೊಂಡಿದ್ದರು. ನಾಂಬು ಅವರಿಗೆ 2008ರಲ್ಲಿ ನೊಬೆಲ್ ಬಂತು. ನಮ್ಮ ತೂಕದ ವಿಷಯದಲ್ಲಿ ಮೊದಲು ನೆನೆಯಬೇಕಾದ ಹೆಸರು ಅವರದು. ನಮ್ಮ ಕ್ವಿಜ್ ಪುಸ್ತಕಗಳಲ್ಲಿ ಅದು ಕಾಣುವುದೇ ಇಲ್ಲ.

ಹಾಗಾದರೆ ಹಿಗ್ಸ್ ಕ್ಷೇತ್ರ ಕೆಲಸಕ್ಕೆ ಬಾರದ್ದೇ? ಅಲ್ಲವೇ ಅಲ್ಲ. ಎಲೆಕ್ಟ್ರಾನಿಗೆ ಅದು ಕೊಡುವ ಅರ್ಧ ಎಂಇವಿ ಇಲ್ಲದಿದ್ದರೆ ಪರಮಾಣುವೇ ಕಟ್ಟಿಕೊಳ್ಳುತ್ತಿರಲಿಲ್ಲ. ಪ್ರೋಟಾನಿಗೆ ವಿದ್ಯುದಾವೇಶ ಇರುವುದರಿಂದ ಅದು ನ್ಯೂಟ್ರಾನಿಗಿಂತ ಒಂದು ಎಂಇವಿಯಷ್ಟು ಭಾರ ಇರಬೇಕಿತ್ತು. ಹಿಗ್ಸ್ ಕೊಡುವ ಪಾಲಿನಲ್ಲಿ ಅಪ್‌ಗಿಂತ ಡೌನ್ ಭಾರವಾಗಿರುವುದರಿಂದ ತಕ್ಕಡಿ ತಿರುಗಿ, ನ್ಯೂಟ್ರಾನೇ 1.29 ಎಂಇವಿ ಹೆಚ್ಚು ತೂಗುತ್ತದೆ. ಈ ಪುಟ್ಟ ವ್ಯತ್ಯಾಸ ತಿರುಗುಮುರುಗಾಗಿದ್ದರೆ ಪ್ರೋಟಾನ್‌ಗಳು ನ್ಯೂಟ್ರಾನ್‌ಗಳಾಗಿ ಕ್ಷಯಿಸಿ ಹೈಡ್ರೋಜನ್ ಉಳಿಯುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ. ಇನ್ನು ಪ್ರೋಟಾನಿನಂತೆ ಮೂರು ಕ್ವಾರ್ಕ್‌ಗಳಿರುವ ಎಲ್ಲ ಕಣಗಳ, ಅಂದರೆ ಬ್ಯಾರಿಯಾನ್‌ಗಳ, ಕಥೆಯೂ ಪ್ರೋಟಾನಿನದ್ದಲ್ಲ. ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ 2017ರಲ್ಲಿ ಕಂಡುಹಿಡಿದ, ಚಾರ್ಮ್ ಎಂಬ ಭಾರದ ಕ್ವಾರ್ಕ್‌ಗಳು ಎರಡಿರುವ ಬ್ಯಾರಿಯಾನ್ 3621 ಎಂಇವಿ ತೂಗುತ್ತದೆ; ಚಾರ್ಮ್ ಒಂದೊಂದೂ ಸುಮಾರು 1270. ಅಲ್ಲಿ ಹಿಗ್ಸ್‌ನದೇ ಸಿಂಹಪಾಲು. ಆದರೆ ಆ ಕಣ ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾಗುತ್ತದೆ, ನಮ್ಮ ಮೈಯಲ್ಲಿ ಅದು ಇಲ್ಲ.

ಹಿಗ್ಸ್ ಕ್ಷೇತ್ರವನ್ನು ಜೇನುತುಪ್ಪಕ್ಕೆ ಹೋಲಿಸುವ ಚಾಳಿಯನ್ನೂ ಬಿಡಬೇಕು. ಜೇನಿನಲ್ಲಿ ಓಡುವ ವಸ್ತು ನಿಧಾನವಾಗಿ ನಿಂತುಬಿಡುತ್ತದೆ. ಹಿಗ್ಸ್ ಕ್ಷೇತ್ರದಲ್ಲಿ ಸಾಗುವ ಎಲೆಕ್ಟ್ರಾನ್ ಬೇರೆ ಬಲ ತಾಗದಿದ್ದರೆ ಅದೇ ವೇಗದಲ್ಲಿ ಸಾಗುತ್ತಲೇ ಇರುತ್ತದೆ.

ಮಿಕ್ಕ ತಪ್ಪು ಕಲ್ಪನೆಗಳಿಗೆ ಒಂದೊಂದು ಮಾತು ಸಾಕು. ಪ್ರೋಟಾನ್ ಎಂದರೆ ಮೂರು ಗೋಲಿಗಳ ಚೀಲವಲ್ಲ. 1980ರ ದಶಕದ ಕೊನೆಯಲ್ಲಿ ಸರ್ನ್‌ನ ಇಎಂಸಿ ಪ್ರಯೋಗ ಅದರ ಸ್ಪಿನ್‌ನಲ್ಲಿ (ಕಣದ ಸಹಜ ತಿರುಗುಗುಣದಲ್ಲಿ) ಕ್ವಾರ್ಕ್‌ಗಳ ಸ್ಪಿನ್‌ನ ಪಾಲು ಅಲ್ಪ ಎಂದು ತೋರಿಸಿದಾಗಲೇ ಆ ಚಿತ್ರ ಮುರಿದುಬಿತ್ತು. ಕ್ವಾರ್ಕ್‌ಗಳ ಒಂದು ಗುಣಕ್ಕೆ ಇಟ್ಟಿರುವ ಕೆಂಪು, ಹಸಿರು, ನೀಲಿ ಎಂಬ ಹೆಸರುಗಳಿಗೂ ಕಣ್ಣಿಗೆ ಕಾಣುವ ಬಣ್ಣಕ್ಕೂ ಸಂಬಂಧವಿಲ್ಲ. ಒಂಟಿ ಕ್ವಾರ್ಕನ್ನು ಕಿತ್ತು ಹೊರಗೆ ತೆಗೆಯಲೂ ಆಗುವುದಿಲ್ಲ, ಎಳೆದಷ್ಟೂ ಆ ಶಕ್ತಿಯಿಂದ ಹೊಸ ಕ್ವಾರ್ಕ್ ಜೋಡಿ ಹುಟ್ಟಿಕೊಳ್ಳುತ್ತದೆ.

ಕ್ವಾರ್ಕ್‌ಗಳ ತೂಕದ ಪಟ್ಟಿಯನ್ನು ಪಾರ್ಟಿಕಲ್ ಡೇಟಾ ಗ್ರೂಪ್ ಯಾರು ಬೇಕಾದರೂ ನೋಡುವಂತೆ ಉಚಿತವಾಗಿ ಇಟ್ಟಿದೆ. ಹಿಗ್ಸ್ ಮತ್ತು ಕಣಭೌತವಿಜ್ಞಾನದಲ್ಲಿ ದಶಕಗಟ್ಟಲೆ ದುಡಿದ ರೋಹಿಣಿ ಗೋಡ್ಬೋಲೆ (2024ರಲ್ಲಿ ತೀರಿಕೊಂಡರು) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದ್ದರು, ಜನಸಾಮಾನ್ಯರಿಗಾಗಿ ಉಪನ್ಯಾಸಗಳನ್ನೂ ಕೊಡುತ್ತಿದ್ದರು. ತಿಳಿಯಬೇಕೆನ್ನುವವರಿಗೆ ದಾರಿ ದೂರವಿರಲಿಲ್ಲ. ನಮಗೆ ಬೇಕಾದದ್ದು ಬೇರೆ. 2008ರ ಸೆಪ್ಟೆಂಬರ್ 10ರಂದು ಸರ್ನ್‌ನ ಹೊಸ ಯಂತ್ರ ಚಾಲೂ ಆಗುವಾಗ ನಮ್ಮ ಟಿವಿ ಚಾನೆಲ್‌ಗಳು ಕಪ್ಪುರಂಧ್ರ ಹುಟ್ಟಿ ಪ್ರಳಯವಾಗುತ್ತದೆಂದು ಹಗಲೂ ರಾತ್ರಿ ಕೂಗಿದವು. ಅದಕ್ಕಿಂತ ಎಷ್ಟೋ ಹೆಚ್ಚು ಶಕ್ತಿಯ ಕಾಸ್ಮಿಕ್ ಕಿರಣಗಳು ಭೂಮಿ ಹುಟ್ಟಿದಾಗಿನಿಂದ ಅದರ ಮೇಲೆ ಬೀಳುತ್ತಲೇ ಇವೆ ಎಂಬ ಮಾತು ಆ ಗದ್ದಲದಲ್ಲಿ ಕೇಳಲಿಲ್ಲ. ಆ ಕೂಗಿಗೆ ಹೆದರಿ ಮಧ್ಯಪ್ರದೇಶದಲ್ಲಿ ಒಬ್ಬ ಹುಡುಗಿ ಪ್ರಾಣ ಕಳೆದುಕೊಂಡಳೆಂದು ಸುದ್ದಿಯಾಯಿತು. ಎರಡು ತಿಂಗಳ ಮೇಲೆ ಪ್ರೋಟಾನಿನ ತೂಕದ ಲೆಕ್ಕ ಹೊರಬಂದಾಗ ಅದೇ ಚಾನೆಲ್‌ಗಳಿಗೆ ಅದು ಸುದ್ದಿಯಾಗಲಿಲ್ಲ. ಇಂದಿಗೂ ಸರ್ನ್ ಆವರಣದಲ್ಲಿರುವ ನಟರಾಜನ ವಿಗ್ರಹದ ಚಿತ್ರ ಹಾಕಿ, ಅಲ್ಲಿ ಏನೋ ರಹಸ್ಯ ಪೂಜೆ ನಡೆಯುತ್ತದೆಂಬ ಸಂದೇಶಗಳು ಫೋನಿನಿಂದ ಫೋನಿಗೆ ಹರಿಯುತ್ತಿವೆ. ಅದು 2004ರಲ್ಲಿ ಭಾರತ ಸರ್ಕಾರ ಕೊಟ್ಟ ಉಡುಗೊರೆ. ಕ್ವಾಂಟಂ ಎಂಬ ಹೆಸರು ಅಂಟಿಸಿ ಲೋಹದ ಬಿಲ್ಲೆ ಮಾರುವವರು ಇದೇ ನೆಲದಲ್ಲಿ ಬೆಳೆ ತೆಗೆಯುತ್ತಿದ್ದಾರೆ. ದೇವಕಣ ತೂಕ ಕೊಡುತ್ತದೆ ಎಂಬುದನ್ನು ಪ್ರಶ್ನಿಸದೆ ಒಪ್ಪುವ ಅಭ್ಯಾಸ, ಬಿಲ್ಲೆ ನೋವು ಕಳೆಯುತ್ತದೆ ಎಂಬುದನ್ನೂ ಅಷ್ಟೇ ಸಲೀಸಾಗಿ ಒಪ್ಪುತ್ತದೆ. ಕಾಯಿಲೆಯ ಔಷಧಿ ನಿಲ್ಲಿಸಿ ಬಿಲ್ಲೆ ಕಟ್ಟಿಕೊಂಡವರಿಗೆ ಆಗುವ ಹಾನಿ ನಿಜವಾದದ್ದು.

ನಿಜವಾದ ಪ್ರಶ್ನೆಗಳು ಇನ್ನೂ ಬಾಕಿ ಇವೆ. ಪ್ರೋಟಾನಿನ ದ್ರವ್ಯರಾಶಿ ಮತ್ತು ಸ್ಪಿನ್ ಒಳಗಿನ ಕ್ವಾರ್ಕ್, ಗ್ಲುಆನ್‌ಗಳಿಂದ ಹೇಗೆ ಕೂಡಿಬರುತ್ತವೆ ಎಂದು ನೋಡುವುದಕ್ಕೇ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಎಲೆಕ್ಟ್ರಾನ್ ಅಯಾನ್ ಕೊಲೈಡರ್ ಎಂಬ ಹೊಸ ಯಂತ್ರಕ್ಕೆ ಕೈಹಾಕಿದ್ದಾರೆ. ಗಣಿತದ ಕಡೆಯಿಂದ ಕ್ಲೇ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದೆ. ಅದನ್ನು ಗೆಲ್ಲಲು ತೂಕವಿಲ್ಲದ ಗ್ಲುಆನ್‌ಗಳ ಸಿದ್ಧಾಂತದಿಂದ ಹುಟ್ಟುವ ಅತಿ ಹಗುರ ಕಣಕ್ಕೂ ಸೊನ್ನೆಗಿಂತ ಹೆಚ್ಚಿನ ದ್ರವ್ಯರಾಶಿ ಇರಲೇಬೇಕು ಎಂಬುದನ್ನು ಕಟ್ಟುನಿಟ್ಟಾಗಿ ಸಾಧಿಸಬೇಕು. ಕಂಪ್ಯೂಟರುಗಳು ಹೌದು ಎನ್ನುತ್ತಿವೆ, ಸಾಧನೆಯನ್ನು ಇನ್ನೂ ಯಾರೂ ಬರೆದು ತೋರಿಸಿಲ್ಲ.