ಹಗುರವಾದ ಪೆಟ್ಟಿಗೆಗೆ ಭಾರವಾದ ದರವೇಕೆ?

ಪ್ರಶ್ನೆ: ಚನ್ನಪಟ್ಟಣದ ಗೊಂಬೆಗಳನ್ನು ತರಿಸಿ ಹೊರರಾಜ್ಯಗಳಿಗೆ ಕೊರಿಯರ್ ಮೂಲಕ ಕಳುಹಿಸುತ್ತೇನೆ. ಒಂದೇ ಕಿಲೋ ತೂಗುವ ಪೆಟ್ಟಿಗೆಗೆ ನಾಲ್ಕು ಕಿಲೋ ದರ ಹಾಕುತ್ತಾರೆ. ಏಕೆ? ಈ ವೆಚ್ಚವನ್ನು ಇಳಿಸುವುದು ಹೇಗೆ?
(ಓದುಗರು, ದೀಪಾಂಜಲಿ ನಗರ)

ಮೈಸೂರು ರಸ್ತೆಯ ಬಸ್ಸಿಗೆ ಕಡಲೆಪುರಿಯ ಮೂಟೆಯೊಂದನ್ನು ಏರಿಸಿದರೆ, ಅದರ ತೂಕವು ಅತ್ಯಲ್ಪವಾದರೂ ಇಬ್ಬರು ಕುಳಿತುಕೊಳ್ಳಬಹುದಾದ ಸ್ಥಳವನ್ನು ಅದು ಆಕ್ರಮಿಸುವುದಷ್ಟೆ. ವಾಹನದೊಳಗಿನ ಅವಕಾಶವನ್ನೇ ಮಾರುವ ಕೊರಿಯರ್ ಸಂಸ್ಥೆಯ ಲೆಕ್ಕವೂ ಇದೇ ನ್ಯಾಯವನ್ನು ಅನುಸರಿಸುತ್ತದೆ. ಅನೇಕ ಸಂಸ್ಥೆಗಳು 5,000 ಘನ ಸೆಂಟಿಮೀಟರಿನ ಗಾತ್ರವನ್ನು ಒಂದು ಕಿಲೋ ಎಂದು ಗಣಿಸಿ, ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಅಧಿಕವಾದುದಕ್ಕೆ ದರವನ್ನು ವಿಧಿಸುತ್ತವೆ. ಉದ್ದ 30, ಅಗಲ 30, ಎತ್ತರ 20 ಸೆಂಟಿಮೀಟರಿನ ಪೆಟ್ಟಿಗೆಯು ಹೀಗೆ 3.6 ಕಿಲೋ ಎನಿಸಿ, ಮುಂದಿನ ಅರ್ಧ ಕಿಲೋಗೆ ಏರಿಸಿದಾಗ ನಾಲ್ಕಾಗುವುದು. ಅವೇ ಗೊಂಬೆಗಳು 25, 20, 12ರ ಪೆಟ್ಟಿಗೆಯಲ್ಲಿ ಹಿಡಿದರೆ 1.2 ಕಿಲೋ ಎನಿಸಿ, ಏರಿಸಿದಾಗಲೂ ಒಂದೂವರೆ ಮಾತ್ರ.

ಗಾತ್ರವನ್ನು ಕುಗ್ಗಿಸುವುದರಿಂದ ರಕ್ಷಣೆ ಕುಗ್ಗುವುದಿಲ್ಲ. ಸಡಿಲವಾದ ಪೆಟ್ಟಿಗೆಯೊಳಗೆ ಗೊಂಬೆಗಳು ಪರಸ್ಪರ ಘರ್ಷಿಸಿ, ಆಲೆಮರದ ಮೇಲಣ ಅರಗಿನ ಹೊಳಪಿಗೆ ಗೀರು ಬೀಳುವುದೇ ಹೆಚ್ಚು. ಕುಶಲಕರ್ಮಿಯ ಶ್ರಮವು ದಾರಿಯಲ್ಲಿ ಹಾಳಾಗುವುದನ್ನು ನಾನು ಹಣದ ನಷ್ಟಕ್ಕಿಂತ ದೊಡ್ಡ ನಷ್ಟವೆಂದೇ ಭಾವಿಸುತ್ತೇನೆ. ಆದುದರಿಂದ ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಅಲುಗಾಡದಂತೆ ಇಡತಕ್ಕದ್ದು.

ಇನ್ನು ರಟ್ಟಿನ ಮಾತು. ಎರಡು ಚಪ್ಪಟೆ ಹಾಳೆಗಳ ನಡುವೆ ಅಂಟಿಸಿದ ಅಲೆಯಾಕಾರದ ಹಾಳೆಯ ಮಡಿಕೆಗಳು ನೆಟ್ಟಗೆ ನಿಂತಿರುವಾಗಲೇ ಮೇಲಿನ ಭಾರವನ್ನು ಚೆನ್ನಾಗಿ ತಾಳಬಲ್ಲವಾದುದರಿಂದ, ಮಡಿಕೆಗಳು ಮೇಲಿನಿಂದ ಕೆಳಕ್ಕೆ ಓಡುವ ಪೆಟ್ಟಿಗೆಯನ್ನೇ ಆರಿಸಿಕೊಳ್ಳಿರಿ. ಹಗುರವಾದ ಗೊಂಬೆಗಳಿಗೆ ಮೂರು ಪದರದ ರಟ್ಟು ಸಾಕು. ಐದು ಪದರದ್ದು ಭಾರವಾದ ಸರಕಿಗಿರಲಿ. ನಿಮ್ಮ ಗೊಂಬೆಗಳ ಅಳತೆಗೆ ಒಪ್ಪುವ ಎರಡು ಮೂರು ಗಾತ್ರಗಳನ್ನು ನಿಶ್ಚಯಿಸಿ ಪೆಟ್ಟಿಗೆಗಳನ್ನು ಒಟ್ಟಾಗಿ ಕೊಂಡರೆ, ಅವುಗಳ ಬೆಲೆಯೂ ಇಳಿಯುವುದು.