ಪದ್ಮಿನಿ ಉಳಿದ ಬಗೆ

ಎಪ್ಪತ್ತರ ದಶಕದಲ್ಲಿ ನಮ್ಮ ದೇಶದಲ್ಲಿ ಕಾರು ಕೊಳ್ಳಹೊರಟವರು ಬಹುಮಟ್ಟಿಗೆ ಅಂಬಾಸಿಡರ್ ಇಲ್ಲವೇ ಫಿಯಟ್ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಿತ್ತು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುವುದೂ ಇತ್ತು. ಆ ದಶಕದ ನಡುವೆ ಫಿಯಟ್‌ಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ಜನ ಮಾತ್ರ ಕೊನೆಯವರೆಗೂ ಫಿಯಟ್ ಅಂತಲೇ ಕರೆದರು.

ಇಟಲಿಯ ಫಿಯಟ್ 1100 ಮಾದರಿಯ ಈ ಕಾರನ್ನು ಮುಂಬೈಯ ಕುರ್ಲಾದಲ್ಲಿ ತಯಾರಿಸಿದ್ದು ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್. ದೇಶದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಿಡಿದು ಓಡಾಡಿದ ಸರ್ ಎಂ. ವಿಶ್ವೇಶ್ವರಯ್ಯನವರ ಜೊತೆ ಕೈಜೋಡಿಸಿದ್ದ ಉದ್ಯಮಿ ಇವರೇ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುವಾದದ್ದೂ ಇವರಿಂದಲೇ.

ಈ ಕಾರು ಇಷ್ಟು ಕಾಲ ಬಾಳಲು ಕಾರಣ ಅದರ ಸರಳತೆ. 1,089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಕಾರ್ಬುರೇಟರ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಹಿಡಿ. ಗಾಡಿ ಸ್ಟಾರ್ಟ್ ಆಗದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕರಿಹಿಡಿದ ಪಾಯಿಂಟನ್ನು ಎಮೆರಿ ಪೇಪರಿನಿಂದ ಉಜ್ಜಿ, ಗ್ಯಾಪ್ ಸರಿಮಾಡಿದರೆ ಎಷ್ಟೋ ಸಲ ಅಷ್ಟೇ ಸಾಕು. ಕಂಪ್ಯೂಟರ್ ಹಚ್ಚಿ ನೋಡುವ ಪ್ರಮೇಯವೇ ಇಲ್ಲ. ಸಣ್ಣ ಊರಿನ ಗ್ಯಾರೇಜಿನಲ್ಲೂ ಕೈಗೆ ಬಗ್ಗುತ್ತಿತ್ತು.

ಬಿಡಿಭಾಗಗಳು ಬಹುಕಾಲ ಸುಲಭವಾಗಿ ಸಿಕ್ಕಿದ್ದಕ್ಕೆ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳ ಋಣವೂ ಇದೆ. ದಿನವಿಡೀ ಓಡುವ ಸಾವಿರಾರು ಗಾಡಿಗಳಿದ್ದಾಗ ಅಂಗಡಿಗಳೂ ಮೆಕ್ಯಾನಿಕ್‌ಗಳೂ ಬದುಕುತ್ತಾರೆ. 2000ದ ಆಸುಪಾಸಿನಲ್ಲಿ ಕಾರಿನ ತಯಾರಿಕೆ ನಿಂತಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ಅಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆ ಬಿಟ್ಟಿತು. ಇನ್ನು ಮುಂದೆ ಪದ್ಮಿನಿಯನ್ನು ಉಳಿಸುವ ಹೊಣೆ ಮನೆಗಳಲ್ಲಿ ಇಟ್ಟುಕೊಂಡವರದು.

ಅವರ ನಿಜವಾದ ಶತ್ರು ತುಕ್ಕು. ಎಂಜಿನ್ ಅಲ್ಲ. ಲಾರಿಗಿರುವಂತೆ ಈ ಕಾರಿಗೆ ಬೇರೆ ಚಾಸಿ ಇಲ್ಲ. ತಗಡಿನ ಒಡಲೇ ಭಾರ ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿಯೋ ನೆಲದ ತಗಡೋ ತುಕ್ಕು ತಿಂದರೆ ಅಂದಗೆಡುವುದಷ್ಟೇ ಅಲ್ಲ, ಗಾಡಿಯ ಬಲವೇ ಕುಂದುತ್ತದೆ. ಮ್ಯಾಟ್ ಎತ್ತಿ ಸ್ಕ್ರೂ ಡ್ರೈವರಿನ ತುದಿಯಿಂದ ಒತ್ತಿ ನೋಡಿ: ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಪುಡಿಯಾಗಿ ಉದುರುತ್ತದೆ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸುವುದು ಮೋಸವೇ ಸರಿ. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಬೇಕು. ಮಲೆನಾಡು, ಕರಾವಳಿಯವರು ಪ್ರತಿ ಮಳೆಗಾಲ ಮುಗಿದ ಮೇಲೆ ಇದನ್ನು ನೋಡುವುದು ಒಳ್ಳೆಯದು.

ಇನ್ನು ಕಾಗದಪತ್ರದ ವಿಚಾರ. ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣವಾಗಬೇಕು. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು ವಿಂಟೇಜ್ ನೋಂದಣಿಗೆ ಅರ್ಹ. ಆದರೆ ಆಮೇಲೆ ಅದನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಮೊದಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಬೇರೆ ಎಂಜಿನ್ ಕೂರಿಸುವ ಆಸೆಯಿದ್ದವರು ಮೂಲ ರೂಪದ ಈ ಷರತ್ತನ್ನು ಯೋಚಿಸಬೇಕು.

ನಿಮ್ಮ ಮನೆಯ ಶೆಡ್ಡಿನಲ್ಲೋ ನೆಂಟರ ಹಿತ್ತಲಿನಲ್ಲೋ ಒಂದು ಫಿಯಟ್ ನಿಂತಿದ್ದರೆ ಗುಜರಿಯವರನ್ನು ಕರೆಯಬೇಡಿ. ಮೊದಲು ಆರ್‌ಸಿ ಹುಡುಕಿ, ಆಮೇಲೆ ನೆಲದ ತಗಡು ನೋಡಿ. ಎರಡೂ ಸರಿಯಿದ್ದರೆ ಆ ಕಾರನ್ನು ಮತ್ತೆ ಓಡಿಸಬಹುದು.