ಪಹಣಿಯಲ್ಲಿ ಇಲ್ಲದ ಕತೆ

ಸೊರಬದ ಕಡೆಯವರಿಗೆ ‘ಕಾನು’ ಎಂದರೆ ಬರೀ ಕಾಡಲ್ಲ. ಗದ್ದೆಬಯಲಿನ ನೆತ್ತಿಯ ಮೇಲೆ ಉಳಿದುಕೊಂಡ ನಿತ್ಯಹಸಿರಿನ ತುಂಡು ಅದು. ಒಳಗೆ ಚೌಡಿ, ಭೂತಪ್ಪ. ಮರಕ್ಕೆ ಹಬ್ಬಿದ ಕಾಡುಮೆಣಸು, ಉಪ್ಪಾಗೆ, ಬಗನಿ. ಬುಡದಲ್ಲೊಂದು ಒರತೆ. ಒರತೆಯ ನೀರು ಕೆರೆಗೆ, ಕೆರೆಯದ್ದು ಗದ್ದೆಗೆ. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ಈ ಕಾನುಗಳ ಬಗ್ಗೆ ವರದಿ ಬರೆದಿದ್ದರು. ಈಗಿನ ಪಹಣಿಯಲ್ಲಿ ನಮ್ಮೂರ ಕಾನಿಗೆ ಇರುವುದು ಒಂದು ಸರ್ವೆ ನಂಬರು, ಎಕರೆ-ಗುಂಟೆಯ ಲೆಕ್ಕ, ಅಷ್ಟೆ. ಸರ್ವೆ ನಂಬರಿನ ಅಂಚು ವರ್ಷಕ್ಕೊಂದು ಮಾರು ಒಳಗೆ ಸರಿದರೆ ಯಾರಿಗೂ ನೋವಾಗುವುದಿಲ್ಲ. ಹಾಗೆ ಸರಿದೂ ಸರಿದೂ ಶುಂಠಿ ಬೆಳೆ ನಮ್ಮ ಒರತೆಯ ಪಕ್ಕಕ್ಕೇ ಬಂದಿತ್ತು.

ಪಕ್ಕದ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ 1983ರಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಉಳಿಸಿದರು. ನಾವಿದ್ದದ್ದು ಐದೇ ಜನ, ಅದರಲ್ಲಿ ಮೂವರಿಗೆ ಪರೀಕ್ಷೆ ಬೇರೆ. ಹಿರಿಯರು ಕೊಟ್ಟ ಅರ್ಜಿ ಆಗಲೇ ಯಾವುದೋ ಕಡತದಲ್ಲಿ ಮಲಗಿತ್ತು. ಕಾನಿನ ಕತೆಗಳನ್ನು ಕೇಳಿ ಬರೆದು ಪುಸ್ತಕ ಮಾಡೋಣ ಎಂದು ಹೊರಟೆವು.

ಎರಡು ತಿಂಗಳು ಸಂಜೆ ಸಂಜೆ ಜಗಲಿಯಿಂದ ಜಗಲಿಗೆ ತಿರುಗಿದೆವು. “ಬರ್ಕ ಮಗಾ, ನಾ ಹೋದ್ಮೇಲೆ ಇದ್ನ ಹೇಳೋರಿಲ್ಲ” ಎಂದೇ ಶುರು ಮಾಡಿದ ಅಜ್ಜಿ ಹೇಳಿದ್ದು ಚೌಡಿಯ ಕತೆ. ಕೊಡಲಿ ಹಿಡಿದು ಒರತೆಯ ಮೇಲಿನ ಮರಕ್ಕೆ ಕೈ ಹಚ್ಚಿದವನ ಮನೆಯ ಬಾವಿ ಮೂರು ಬೇಸಿಗೆ ಬತ್ತಿತಂತೆ, ಹೆಂಡತಿ ಚೌಡಿಗೆ ಹರಕೆ ಹೊತ್ತು ಅಲ್ಲೇ ಸಸಿ ನೆಟ್ಟ ಮೇಲೆ ನೀರು ಬಂತಂತೆ. ನಮ್ಮಲ್ಲೊಬ್ಬ ಇದು ಮೂಢನಂಬಿಕೆ, ಅಚ್ಚು ಹಾಕಬಾರದು ಎಂದು ಹಟ ಹಿಡಿದ. ಒಂದು ರಾತ್ರಿ ಇಡೀ ಜಗಳ. ಒರತೆಯ ಮೇಲಿನ ಮರ ಕಡಿದರೆ ನೀರು ಕಡಿಮೆಯಾಗುತ್ತದೆ ಎಂಬುದನ್ನು ಅಜ್ಜಿ ತನ್ನ ಭಾಷೆಯಲ್ಲಿ ಹೇಳಿದ್ದಾಳೆ, ಒಂದಕ್ಷರ ತಿದ್ದಬಾರದು ಎಂಬುದು ನನ್ನ ವಾದ. ಕತೆ ಹಾಗೇ ಉಳಿಯಿತು.

ಪುಸ್ತಕ ಮಾಡುವುದು ಪೇಟೆಯವರ ಕೆಲಸ ಎಂಬ ಅಳುಕು ನಮಗಿರಲಿಲ್ಲ. ಅಕ್ಷರ ಪ್ರಕಾಶನ ಇರುವುದು ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ. ಮೂಡಿಗೆರೆಯಲ್ಲಿದ್ದ ತೇಜಸ್ವಿಯವರು ತಮ್ಮ ಪುಸ್ತಕಗಳನ್ನು ತಮ್ಮದೇ ‘ಪುಸ್ತಕ ಪ್ರಕಾಶನ’ದಿಂದ ತಂದರು. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ಕೃಷಿಕರ ಕೈಗೇ ಲೇಖನಿ ಕೊಟ್ಟಿದೆ.

ಮದುವೆ ಕಾಗದ ಮುದ್ರಿಸುವ ಪ್ರೆಸ್ಸಿನವರು ಆಷಾಢದಲ್ಲಿ ಬನ್ನಿ ಎಂದರು. ಆಗ ಮದುವೆಯಿಲ್ಲ, ಯಂತ್ರ ಖಾಲಿ, ದರವೂ ಕಡಿಮೆ. ಡೆಮಿ ಅಳತೆ, 16 ಪುಟದ ಮೂರು ಫಾರಂ, ನಡುವೆ ಪಿನ್ನು. ಮುಖಪುಟಕ್ಕೆ ಮಾತ್ರ ಬಣ್ಣ. 300 ಪ್ರತಿ, ಬೆಲೆ 30 ರೂಪಾಯಿ. ನಡುಪುಟದಲ್ಲಿ ಅಜ್ಜಂದಿರು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದ ನಕ್ಷೆ ಹಾಕಿದೆವು. ಯಾವ ಕಲ್ಲಿಗೆ ಏನು ಹೆಸರು, ಯಾವ ಮರದಿಂದ ಯಾವ ಮರದವರೆಗೆ ಕಾನು, ಎಲ್ಲ ಅದರಲ್ಲಿತ್ತು.

ಹಾಲಿನ ಡೈರಿಯಲ್ಲಿ, ಸೊಸೈಟಿಯಲ್ಲಿ, ಚೌಡಿ ಹಬ್ಬದಲ್ಲಿ ಮಾರಿದೆವು. ಶುಂಠಿ ಹಾಕಿದವರ ಮನೆಗೂ ಒಂದು ಪ್ರತಿ ಹೋಯಿತು. ಹೋಗದೆ ಏನು, ಹದಿಮೂರನೇ ಪುಟದ ಕತೆ ಅವರ ತಾಯಿಯೇ ಹೇಳಿದ್ದು!

ಗ್ರಾಮಸಭೆಯಲ್ಲಿ ಸರ್ವೆ ನಂಬರು ಓದುತ್ತಿದ್ದಾಗ ಒಬ್ಬರು ಎದ್ದು ಪುಸ್ತಕದ ನಕ್ಷೆ ಬಿಡಿಸಿ ಹಿಡಿದರು. ಚರ್ಚೆ ಒಂದು ಗಂಟೆ ನಡೆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಹಕ್ಕು ಕೇಳುವವರಲ್ಲದ ಹಿರಿಯರು ಹೇಳಿದ್ದನ್ನು ಬರಹಕ್ಕಿಳಿಸಿದರೆ ಅದನ್ನೂ ಸಾಕ್ಷ್ಯವಾಗಿ ಪರಿಗಣಿಸಲು ಅವಕಾಶವಿದೆ. ಇದು ನಮಗೆ ತಿಳಿದದ್ದು ಆಮೇಲೆ, ವಕೀಲರೊಬ್ಬರಿಂದ. ಕಾನನ್ನು ಊರಿನ ಸಾಮೂಹಿಕ ಸಂಪತ್ತಾಗಿ ಕಾಯುವ ಹಕ್ಕು ಕೇಳಿ ಅರ್ಜಿ ಸಿದ್ಧವಾಗುತ್ತಿದೆ. ಅದಕ್ಕೆಂದು ಅದೇ ಹಿರಿಯರ ಹೇಳಿಕೆಗಳನ್ನು ಮತ್ತೆ, ಹೆಬ್ಬೆಟ್ಟಿನ ಸಮೇತ, ಬರೆಸಿಕೊಳ್ಳುತ್ತಿದ್ದೇವೆ.

ಶುಂಠಿಯ ಬೇಲಿ ಹಿಂದೆ ಸರಿದಿಲ್ಲ. ಈ ವರ್ಷ ಮುಂದೆಯೂ ಬಂದಿಲ್ಲ. ಕತೆ ಹೇಳಿದ ಹನ್ನೊಂದು ಜನರಲ್ಲಿ ಇಬ್ಬರು ಈಗಿಲ್ಲ. ಪಕ್ಕದ ಊರಿನವರು “ನಮ್ಮ ಕಾನನ್ನು ಯಾಕೆ ಬಿಟ್ರಿ?” ಎಂದು ಬೈದು ಹೋಗಿದ್ದಾರೆ. ಅಲ್ಲಿನ ಜಗಲಿಗಳಲ್ಲಿ ಕೂರಲು ಶುರು ಮಾಡಿದ್ದೇವೆ. ಪ್ರೆಸ್ಸಿನವರಿಗೆ ಬರುವ ಆಷಾಢಕ್ಕೆ ಈಗಲೇ ಹೇಳಿಟ್ಟಿದ್ದೇವೆ.